ಟಿಪಿಎನ್‌ನಲ್ಲಿರುವವರಿಗೆ ಸೆಲೆನಿಯಂ ಪರೀಕ್ಷೆ: ಯಾವುದನ್ನು ನಂಬಬಹುದು, ಯಾವುದು ದಂಡ

ತಿಂಗಳುಗಟ್ಟಲೆ, ವರ್ಷಗಟ್ಟಲೆ ರಕ್ತನಾಳದ ಮೂಲಕವೇ ಪೋಷಣೆ (ಟಿಪಿಎನ್) ಪಡೆಯುವವರ ಮೈಯಲ್ಲಿ ಸೆಲೆನಿಯಂ ಎಂಬ ಸೂಕ್ಷ್ಮ ಖನಿಜ ಸಾಕಷ್ಟಿದೆಯೇ ಎಂದು ತಿಳಿಯಲು ಲ್ಯಾಬ್‌ಗಳು ಹಲವು ಪರೀಕ್ಷೆಗಳನ್ನು ಮಾಡಿಕೊಡುತ್ತವೆ. ಪ್ಲಾಸ್ಮಾ (ರಕ್ತಕಣ ಬಿಟ್ಟ ರಕ್ತದ ದ್ರವಭಾಗ) ಸೆಲೆನಿಯಂ, ಕೆಂಪು ರಕ್ತಕಣದ ಸೆಲೆನಿಯಂ, ಗ್ಲುಟಾಥಯೋನ್ ಪೆರಾಕ್ಸಿಡೇಸ್ (ಜಿಪಿಎಕ್ಸ್), ಸೆಲೆನೋಪ್ರೋಟೀನ್ ಪಿ, ಮೂತ್ರ, ಕೂದಲು, ಉಗುರು ಎಂದು ಪಟ್ಟಿ ಉದ್ದವಿದೆ. ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಂದೇ ಒಂದು ಪರೀಕ್ಷೆ ಮಾಡಿಸಲು ಸಾಧ್ಯವಿದ್ದರೆ ಪ್ಲಾಸ್ಮಾ ಸೆಲೆನಿಯಂ ಮಾಡಿಸಿ, ಆದರೆ ಅದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿಯನ್ನೂ ನೋಡಿಸಿ. ಸಿಆರ್‌ಪಿ ಇಲ್ಲದ ಸೆಲೆನಿಯಂ ರಿಪೋರ್ಟ್ ಅರ್ಧ ರಿಪೋರ್ಟ್. ಸೋಂಕು, ಉರಿಯೂತ ಬಿಡದೆ ಕಾಡುವವರಿಗೆ ಕೆಂಪು ರಕ್ತಕಣದ ಪರೀಕ್ಷೆಯೂ ಬೇಕು. ಉಳಿದವು ಅಪರೂಪಕ್ಕೆ ಉಪಯೋಗಕ್ಕೆ ಬರುವಂಥವು. ಕೆಲವಂತೂ ಬೇಡವೇ ಬೇಡ.

ಬಾಯಿಂದ ಉಣ್ಣುವವರಿಗೆ ಊಟದ ಜೊತೆ ಸೆಲೆನಿಯಂ ತಾನಾಗಿಯೇ ಸೇರುತ್ತದೆ. ಟಿಪಿಎನ್‌ನಲ್ಲಿ ಹಾಗಲ್ಲ, ಚೀಲಕ್ಕೆ ಯಾರಾದರೂ ಹಾಕಿದರೆ ಮಾತ್ರ ಉಂಟು. ಮೂರು ಕೋಣೆಯ ರೆಡಿಮೇಡ್ ಚೀಲಗಳಲ್ಲಿ ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು ಇರುತ್ತವೆ, ಸೆಲೆನಿಯಂ ಇರುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಲು ಮರೆತರೆ ಕೆಲವೇ ವಾರಗಳಲ್ಲಿ ಪ್ಲಾಸ್ಮಾ ಮಟ್ಟ ಇಳಿಯತೊಡಗುತ್ತದೆ. 1979ರಲ್ಲಿ ನ್ಯೂಜಿಲೆಂಡಿನಲ್ಲಿ ಟಿಪಿಎನ್ ಪಡೆಯುತ್ತಿದ್ದ ರೋಗಿಯೊಬ್ಬರ ತೀವ್ರ ಸ್ನಾಯುನೋವು ಸೆಲೆನಿಯಂ ಕೊಟ್ಟ ಮೇಲೆ ಕಡಿಮೆಯಾದದ್ದು ವರದಿಯಾಯಿತು. 1980ರ ದಶಕದ ಆರಂಭದಲ್ಲಿ ಹೃದಯದ ಸ್ನಾಯುವೇ ಸೋತು ಸಾವು ಸಂಭವಿಸಿದ ಪ್ರಕರಣಗಳೂ ಬೆಳಕಿಗೆ ಬಂದವು. ತೊಡೆಯ ಸ್ನಾಯು ನೋವು, ನಿಶ್ಶಕ್ತಿ, ಏರಿದ ಸಿಕೆ (ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ), ಬಿಳಿಚಿಕೊಂಡ ಉಗುರಿನ ತಳ, ಬಣ್ಣ ಕಳೆದುಕೊಂಡ ಕೂದಲು, ದೊಡ್ಡದಾದ ಕೆಂಪು ರಕ್ತಕಣಗಳು, ಇವೆಲ್ಲ ಕೊರತೆಯ ಲಕ್ಷಣಗಳು. ಆದರೆ ಇವು ಕಾಣುವ ಹೊತ್ತಿಗೆ ಕೊರತೆ ಬಹಳ ಆಳಕ್ಕೆ ಇಳಿದಿರುತ್ತದೆ. ಲಕ್ಷಣಕ್ಕಾಗಿ ಕಾಯದೆ ರಕ್ತ ನೋಡಬೇಕಾದದ್ದು ಇದಕ್ಕೇ.

ಪ್ಲಾಸ್ಮಾ ಸೆಲೆನಿಯಂ

ಸಾಮಾನ್ಯವಾಗಿ ಪ್ಲಾಸ್ಮಾದಲ್ಲಿರುವ ಸೆಲೆನಿಯಂನಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಪಾಲು ಸೆಲೆನೋಪ್ರೋಟೀನ್ ಪಿಯದು. ಯಕೃತ್ತು ಇದನ್ನು ತಯಾರಿಸಿ ಬೇರೆ ಅಂಗಗಳಿಗೆ ಕಳಿಸುತ್ತದೆ. ಇನ್ನೊಂದು ಪಾಲು ಮೂತ್ರಪಿಂಡದಿಂದ ಬರುವ ಜಿಪಿಎಕ್ಸ್-3 ಕಿಣ್ವದ್ದು. ಮಿಕ್ಕದ್ದು ಅಲ್ಬುಮಿನ್‌ನಲ್ಲಿ ಸೆಲೆನೋಮೆಥಿಯೋನಿನ್ ರೂಪದಲ್ಲಿ ಸೇರಿಕೊಂಡಿರುತ್ತದೆ. ಈ ಮೂರನೆಯ ಪಾಲು ಬರುವುದು ಊಟದಿಂದ. ದೇಹ ಅದನ್ನು ಮಾಮೂಲಿ ಮೆಥಿಯೋನಿನ್ ಎಂದೇ ಬಗೆದು ಪ್ರೋಟೀನಿಗೆ ಹೆಣೆಯುತ್ತದೆ. ಅದಕ್ಕೆ ಅಲ್ಲಿ ವಿಶೇಷ ಕೆಲಸವೇನೂ ಇಲ್ಲ.

ಟಿಪಿಎನ್‌ಗೆ ಹಾಕುವುದು ಸೋಡಿಯಂ ಸೆಲೆನೈಟ್ ಅಥವಾ ಸೆಲೆನಿಯಸ್ ಆಮ್ಲ. ಇವುಗಳಿಂದ ಸೆಲೆನೋಮೆಥಿಯೋನಿನ್ ತಯಾರಾಗುವುದಿಲ್ಲ. ಹಾಗಾಗಿ ಬಾಯಿಂದ ಏನನ್ನೂ ತಿನ್ನದ ರೋಗಿಯ ಪ್ಲಾಸ್ಮಾ ಮಟ್ಟ ಚೆನ್ನಾಗಿ ಉಣ್ಣುವ ಆರೋಗ್ಯವಂತರ ಮಟ್ಟವನ್ನು ಮುಟ್ಟಲೇಬೇಕೆಂದಿಲ್ಲ. ಲ್ಯಾಬ್‌ಗಳು ಕೊಡುವ ನಾರ್ಮಲ್ ರೇಂಜ್ ಊಟ ಮಾಡುವ ಜನರಿಂದ ತೆಗೆದದ್ದು. ಊಟದಲ್ಲಿ ಸೆಲೆನಿಯಂ ಹೇರಳವಾಗಿರುವ ಪ್ರದೇಶದ ಲ್ಯಾಬ್‌ನ ಕೆಳಮಿತಿ ಲೀಟರಿಗೆ 100 ಮೈಕ್ರೋಗ್ರಾಂ ಆಸುಪಾಸು ಇದ್ದು, ಟಿಪಿಎನ್ ರೋಗಿಯ ರಿಪೋರ್ಟ್ 88 ಎಂದು ಬಂದರೆ, ಪಕ್ಕದಲ್ಲಿ ‘ಕಡಿಮೆ’ ಎಂದು ಗುರುತು ಬೀಳುತ್ತದೆ. ಆ ಗುರುತನ್ನು ನೋಡಿ ಡೋಸ್ ಏರಿಸುತ್ತ ಹೋಗುವುದು ತಪ್ಪು. ಪ್ಲಾಸ್ಮಾ ಜಿಪಿಎಕ್ಸ್ ಚಟುವಟಿಕೆ ಸುಮಾರು 70ರಿಂದ 90 ಮೈಕ್ರೋಗ್ರಾಂ ಮಟ್ಟದಲ್ಲೇ ಗರಿಷ್ಠ ಮುಟ್ಟುತ್ತದೆ. ಸೆಲೆನೋಪ್ರೋಟೀನ್ ಪಿ ತುಂಬಲು ಇನ್ನಷ್ಟು ಬೇಕು, ಸುಮಾರು 110ರಿಂದ 125. ಉರಿಯೂತವಿಲ್ಲದ ಟಿಪಿಎನ್ ರೋಗಿಯಲ್ಲಿ 80ರ ಮೇಲೆ ಸ್ಥಿರವಾಗಿ ನಿಂತಿರುವ ಅಂಕಿಯನ್ನು ನಾವು ಕೆಣಕುವುದಿಲ್ಲ. ಕೆಳಗಿನ ತುದಿಯಲ್ಲಿ ಮಾತ್ರ ಗೊಂದಲವಿಲ್ಲ: 32 ಮೈಕ್ರೋಗ್ರಾಂಗಿಂತ, ಅಂದರೆ 0.4 ಮೈಕ್ರೋಮೋಲ್‌ಗಿಂತ ಕೆಳಗಿದ್ದರೆ ಸಿಆರ್‌ಪಿ ಎಷ್ಟೇ ಇರಲಿ, ದಿನಕ್ಕೆ 100 ಮೈಕ್ರೋಗ್ರಾಂನಿಂದ ಶುರುಮಾಡಬೇಕು.

ಅಳತೆಯ ಏಕಮಾನ ಬಹಳ ಜನರನ್ನು ಎಡವಿಸುತ್ತದೆ. 1 ಮೈಕ್ರೋಮೋಲ್ ಎಂದರೆ 79 ಮೈಕ್ರೋಗ್ರಾಂ. ಲೀಟರಿಗೆ 79 ಮೈಕ್ರೋಗ್ರಾಂ, ಮಿಲಿಲೀಟರಿಗೆ 79 ನ್ಯಾನೋಗ್ರಾಂ, ಡೆಸಿಲೀಟರಿಗೆ 7.9 ಮೈಕ್ರೋಗ್ರಾಂ ಎಲ್ಲವೂ ಒಂದೇ. ಲ್ಯಾಬ್ ಬದಲಾದಾಗ ಹಳೆಯ ರಿಪೋರ್ಟಿನ ಜೊತೆ ಹೋಲಿಸುವ ಮುನ್ನ ಎರಡನ್ನೂ ಒಂದೇ ಏಕಮಾನಕ್ಕೆ ತಂದುಕೊಳ್ಳಿ.

ಇನ್ನು ಸಿಆರ್‌ಪಿಯ ವಿಷಯ. ಉರಿಯೂತ ಶುರುವಾದೊಡನೆ ಯಕೃತ್ತು ಸೆಲೆನೋಪ್ರೋಟೀನ್ ಪಿ ತಯಾರಿಕೆಯನ್ನು ತಗ್ಗಿಸುತ್ತದೆ, ರಕ್ತನಾಳದಿಂದ ಪ್ರೋಟೀನುಗಳು ಹೊರಗಿನ ಅಂಗಾಂಶಕ್ಕೆ ಸೋರುತ್ತವೆ. ಪ್ಲಾಸ್ಮಾ ಸೆಲೆನಿಯಂ ಒಂದೆರಡು ದಿನಗಳಲ್ಲೇ ಬೀಳುತ್ತದೆ, ಆದರೆ ದೇಹದ ಸಂಗ್ರಹ ಬಿದ್ದಿರುವುದಿಲ್ಲ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಒಳಗಿದ್ದಾಗ ಮಾತ್ರ ಪ್ಲಾಸ್ಮಾ ಸೆಲೆನಿಯಂ ಅನ್ನು ಧೈರ್ಯವಾಗಿ ಓದಬಹುದು. ಉದಾಹರಣೆಗೆ ಇಬ್ಬರ ಸೆಲೆನಿಯಂ 48 ಇದೆ ಎಂದುಕೊಳ್ಳಿ. ಒಬ್ಬರ ಸಿಆರ್‌ಪಿ 4, ಇನ್ನೊಬ್ಬರದು 90. ಮೊದಲನೆಯವರಿಗೆ ಕೊರತೆ ಇದೆ, ಚೀಲದಲ್ಲಿ ಏನು ಹೋಗುತ್ತಿದೆ ಎಂದು ಅಂದೇ ನೋಡಬೇಕು. ಎರಡನೆಯವರ ವಿಷಯದಲ್ಲಿ ಆ ಅಂಕಿ ಏನನ್ನೂ ಸಾಬೀತು ಮಾಡುವುದಿಲ್ಲ. ಟಿಪಿಎನ್ ಹನಿಸುವ ಕೊಳವೆಯಲ್ಲಿ (ಲೈನ್) ಸೋಂಕಿದೆಯೇ ಎಂದು ಹುಡುಕಿ, ಚಿಕಿತ್ಸೆ ಕೊಟ್ಟು, ಸಿಆರ್‌ಪಿ ಇಳಿದ ಮೇಲೆ ಮತ್ತೆ ರಕ್ತ ತೆಗೆಯಬೇಕು. ಮನೆಯಲ್ಲೇ ಟಿಪಿಎನ್ ಪಡೆಯುವವರು ಆಸ್ಪತ್ರೆಗೆ ಸೇರುವುದೇ ಹೆಚ್ಚಾಗಿ ಜ್ವರ ಬಂದಾಗ. ಸೇರಿದ್ದಾರಲ್ಲ ಎಂದು ಅದೇ ಹೊತ್ತಿನಲ್ಲಿ ಸೂಕ್ಷ್ಮ ಖನಿಜಗಳ ಪರೀಕ್ಷೆಯನ್ನೂ ಮುಗಿಸಿಬಿಡುವ ರೂಢಿಯಿದೆ. ಅದು ಅತ್ಯಂತ ಕೆಟ್ಟ ಹೊತ್ತು.

ರಕ್ತ ತೆಗೆಯುವಾಗ

ಸೂಕ್ಷ್ಮ ಖನಿಜಗಳಿಗೆಂದೇ ಇರುವ ಗಾಢನೀಲಿ ಮುಚ್ಚಳದ ಟ್ಯೂಬ್ ಬಳಸಿ. ಸೆಲೆನಿಯಂ ಒಂದಕ್ಕೇ ಆದರೆ ಹೊರಗಿನ ಕಲಬೆರಕೆಯ ಭಯ ಸತುವಿನಷ್ಟು, ಅಲ್ಯೂಮಿನಿಯಂನಷ್ಟು ಇಲ್ಲ. ಆದರೆ ಅದೇ ರಕ್ತದಲ್ಲಿ ಸತುವನ್ನೂ ನೋಡುವುದು ವಾಡಿಕೆಯಾದ್ದರಿಂದ ಈ ಟ್ಯೂಬ್ ಬಿಡಬಾರದು. ಜೆಲ್ ಇರುವ ಟ್ಯೂಬ್ ಬೇಡ. ಕೆಂಪು ಕಣಗಳು ಒಡೆದ ಮಾದರಿಯನ್ನು ತಿರಸ್ಕರಿಸಿ, ಕಣದೊಳಗಿನ ಸೆಲೆನಿಯಂ ಹೊರಬಂದು ಅಂಕಿಯನ್ನು ಏರಿಸುತ್ತದೆ. ಪ್ಲಾಸ್ಮಾ ಬೇರ್ಪಡಿಸಿದ ಮೇಲೆ ಫ್ರಿಜ್‌ನಲ್ಲಿ ಒಂದು ವಾರ ಇಟ್ಟರೂ ಸೆಲೆನಿಯಂ ಅಳತೆಗೆ ತೊಂದರೆಯಿಲ್ಲ. ಕಿಣ್ವದ ಪರೀಕ್ಷೆಗೆ ಈ ಸಲಿಗೆ ಇಲ್ಲ.

ಟಿಪಿಎನ್ ಹೋಗುವ ಲೈನಿನಿಂದ ರಕ್ತ ತೆಗೆಯುವುದು ಇಲ್ಲಿ ಆಗುವ ದೊಡ್ಡ ತಪ್ಪು. ದ್ರಾವಣ ಬೆರೆತರೆ ಸೆಲೆನಿಯಂ ಏರುತ್ತದೆ ಎಂದೇ ಹೆಚ್ಚಿನವರು ಊಹಿಸುತ್ತಾರೆ. ಲೆಕ್ಕ ಹಾಕಿ ನೋಡಿ: 2 ಲೀಟರ್ ಚೀಲದಲ್ಲಿ 60 ಮೈಕ್ರೋಗ್ರಾಂ ಇದ್ದರೆ ಲೀಟರಿಗೆ 30 ಮಾತ್ರ. ಇದು ರಕ್ತದ ಮಟ್ಟಕ್ಕಿಂತ ಕಡಿಮೆ, ಆದ್ದರಿಂದ ಬೆರೆತಷ್ಟೂ ಅಂಕಿ ಕೆಳಗಿಳಿದು ಇಲ್ಲದ ಕೊರತೆ ಕಾಣುತ್ತದೆ. ಅದೇ 60 ಮೈಕ್ರೋಗ್ರಾಂ ಅನ್ನು 100 ಮಿಲಿಲೀಟರ್ ಸಲೈನ್‌ನಲ್ಲಿ ಬೇರೆಯಾಗಿ ಹನಿಸುತ್ತಿದ್ದರೆ ಅದರ ಸಾಂದ್ರತೆ ಲೀಟರಿಗೆ 600. ಆಗ ಉಲ್ಟಾ ಆಗಿ ಅಂಕಿ ಮೇಲೆ ಹಾರುತ್ತದೆ. ಚೀಲದ ದ್ರಾವಣ ಬೆರೆತಿರುವ ಸುಳಿವು ಅದೇ ಮಾದರಿಯ ಗ್ಲೂಕೋಸ್ ಮತ್ತು ಪೊಟ್ಯಾಸಿಯಂನಲ್ಲಿ ಸಿಗುತ್ತದೆ. ಅವು ಅಸಹಜವಾಗಿ ಏರಿದ್ದರೆ ಸೆಲೆನಿಯಂ ಅಂಕಿಯನ್ನೂ ಬದಿಗಿಡಿ. ತೋಳಿನ ನಾಳದಿಂದ, ಅದೂ ರಾತ್ರಿ ಹನಿಸುವವರಾದರೆ ಹಗಲಿನ ಬಿಡುವಿನ ಕೊನೆಗೆ, ಮುಂದಿನ ಚೀಲ ಹಾಕುವ ಮುನ್ನ ತೆಗೆದ ರಕ್ತ ಎಲ್ಲಕ್ಕಿಂತ ಒಳ್ಳೆಯದು. ಪ್ರತಿ ಸಲವೂ ಅದೇ ಹೊತ್ತಿಗೆ ತೆಗೆದರೆ ಹೋಲಿಕೆಗೆ ಅರ್ಥ ಬರುತ್ತದೆ.

ಯಂತ್ರದ ಕಡೆ

ಈಗ ಹೆಚ್ಚಿನ ಲ್ಯಾಬ್‌ಗಳು ಪರಮಾಣುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಸೆಲೆನಿಯಂ ಅಳೆಯುತ್ತವೆ. ಅಚ್ಚುಕಟ್ಟಾದ ವಿಧಾನ, ಅರ್ಧ ಮಿಲಿಲೀಟರ್ ಪ್ಲಾಸ್ಮಾ ಸಾಕು, ಮಕ್ಕಳಿಗೆ ಇದು ದೊಡ್ಡ ಅನುಕೂಲ. ತೊಡಕು ಇರುವುದು ಯಂತ್ರ ಬಳಸುವ ಆರ್ಗಾನ್ ಅನಿಲದಲ್ಲಿ. ಎರಡು ಆರ್ಗಾನ್ ಪರಮಾಣುಗಳು ಕೂಡಿದರೆ ದ್ರವ್ಯರಾಶಿ 80, ಸೆಲೆನಿಯಂನ ಮುಖ್ಯ ಐಸೋಟೋಪಿನದೂ 80. ಇದನ್ನು ನೀಗಿಸಲು ಹೈಡ್ರೋಜನ್ ತುಂಬಿದ ಸೆಲ್ ಬಳಸುತ್ತಾರೆ, ಅಥವಾ ಮೂರು ಕ್ವಾಡ್ರುಪೋಲ್ (ದ್ರವ್ಯರಾಶಿ ಸೋಸುವ ಭಾಗ) ಇರುವ ಯಂತ್ರದಲ್ಲಿ ಆಮ್ಲಜನಕ (16) ಸೇರಿಸಿ 96ರಲ್ಲಿ ಅಳೆಯುತ್ತಾರೆ.

ಇನ್ನೊಂದು ತೊಡಕು ಗ್ಯಾಡೋಲಿನಿಯಂನದು. ಎಂಆರ್‌ಐ ಸ್ಕ್ಯಾನಿಗೆ ಕೊಡುವ ಈ ಲೋಹ ಯಂತ್ರದೊಳಗೆ ಎರಡು ವಿದ್ಯುದಂಶ ಹೊತ್ತಾಗ 156 ದ್ರವ್ಯರಾಶಿಯದು 78ರಲ್ಲಿ, 160ರದ್ದು 80ರಲ್ಲಿ ಕಾಣಿಸಿಕೊಂಡು ಸೆಲೆನಿಯಂನ ವೇಷ ಹಾಕುತ್ತದೆ. ಕಾಂಟ್ರಾಸ್ಟ್ ಕೊಟ್ಟ ಮೇಲೆ ಕನಿಷ್ಠ 4 ದಿನ ಬಿಡಬೇಕು, ಮೂತ್ರಪಿಂಡ ಸೊರಗಿದ್ದರೆ ಇನ್ನೂ ಹೆಚ್ಚು. ಲ್ಯಾಬ್ ಆಯ್ಕೆ ಮಾಡುವಾಗ ಎರಡು ಪ್ರಶ್ನೆ ಕೇಳಿ: ಗ್ಯಾಡೋಲಿನಿಯಂ ಅಡ್ಡಿಯನ್ನು ಹೇಗೆ ನೀಗಿಸುತ್ತೀರಿ? ಹೊರಗಿನ ಗುಣಮಟ್ಟ ಪರಿಶೀಲನಾ ಯೋಜನೆಯೊಂದರಲ್ಲಿ ಸೆಲೆನಿಯಂಗೆ ಹೆಸರು ನೋಂದಾಯಿಸಿದ್ದೀರಾ? ಎರಡಕ್ಕೂ ತಡವರಿಸದೆ ಉತ್ತರ ಕೊಡುವ ಲ್ಯಾಬ್‌ಗೇ ಹೋಗಿ. ಗ್ರಾಫೈಟ್ ಕುಲುಮೆಯ ಹಳೆಯ ವಿಧಾನ ನಿಧಾನದ್ದು, ಆದರೆ ಹಿನ್ನೆಲೆಯ ಅಡ್ಡಿ ಕಳೆಯುವ ಝೀಮನ್ ತಿದ್ದುಪಡಿ ಇದ್ದು, ಪಲ್ಲಾಡಿಯಂನಂಥ ಮಾಡಿಫೈಯರ್ ಹಾಕಿ ಅಳೆದರೆ ಅದನ್ನೂ ನಂಬಬಹುದು. ಗ್ಯಾಡೋಲಿನಿಯಂನ ಈ ಕಾಟ ಅದಕ್ಕಿಲ್ಲ.

ಕೆಂಪು ರಕ್ತಕಣದ ಸೆಲೆನಿಯಂ

ಸಿಆರ್‌ಪಿ ಇಳಿಯುವುದೇ ಇಲ್ಲ ಎನ್ನುವ ರೋಗಿಗಳಿದ್ದಾರೆ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಇರುವವರು, ಪದೇ ಪದೇ ಲೈನ್ ಸೋಂಕಾಗುವವರು. ಅವರಿಗೆ ಈ ಪರೀಕ್ಷೆ ನಿಜಕ್ಕೂ ಉಪಕಾರಿ, ಉರಿಯೂತ ಇದನ್ನು ಅಷ್ಟಾಗಿ ಅಲುಗಿಸುವುದಿಲ್ಲ. ಕಣ ಮಜ್ಜೆಯಲ್ಲಿ ತಯಾರಾಗುವಾಗ ಸೇರಿದ ಸೆಲೆನಿಯಂ ಅದರ 120 ದಿನಗಳ ಆಯುಷ್ಯದುದ್ದಕ್ಕೂ ಬಹುಪಾಲು ಉಳಿಯುತ್ತದೆ. ಹಾಗಾಗಿ ಇದು ಕಳೆದ ಮೂರ್ನಾಲ್ಕು ತಿಂಗಳ ಕಥೆ ಹೇಳುತ್ತದೆ. ಇವತ್ತು ಡೋಸ್ ಬದಲಿಸಿ ಮುಂದಿನ ತಿಂಗಳು ಇದನ್ನು ನೋಡಿದರೆ ಪ್ರಯೋಜನವಿಲ್ಲ.

ಅಂಕಿಯನ್ನು ಗ್ರಾಂ ಹಿಮೋಗ್ಲೋಬಿನ್‌ಗೆ ಇಷ್ಟು ಎಂದು ಕೊಡುವ ಲ್ಯಾಬ್ ಆರಿಸಿ. ಟಿಪಿಎನ್ ರೋಗಿಗಳಲ್ಲಿ ರಕ್ತಹೀನತೆ ಸಾಮಾನ್ಯ, ಇಡೀ ರಕ್ತದ ಸೆಲೆನಿಯಂ ಮಾತ್ರ ಕೊಟ್ಟರೆ ಕಣಗಳ ಸಂಖ್ಯೆ ಕಡಿಮೆಯಾದದ್ದಕ್ಕೇ ಅಂಕಿಯೂ ಕಡಿಮೆ ಕಾಣುತ್ತದೆ. ಕೆಲವೆಡೆ ಕಣಗಳನ್ನು ಸಲೈನ್‌ನಲ್ಲಿ ತೊಳೆದು ನೇರವಾಗಿ ಅಳೆಯುವ ಬದಲು ಲೆಕ್ಕ ಹಾಕಿ ಕೊಡುತ್ತಾರೆ. ಇಡೀ ರಕ್ತದ್ದು 100, ಪ್ಲಾಸ್ಮಾದ್ದು 70, ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) 0.30 ಎಂದಿಟ್ಟುಕೊಳ್ಳಿ. 100ರಿಂದ ಪ್ಲಾಸ್ಮಾ ಪಾಲಾದ 49 ಕಳೆದು 0.30ರಿಂದ ಭಾಗಿಸಿದರೆ ಕಣದ್ದು 170. ಇಡೀ ರಕ್ತದ ಅಳತೆಯಲ್ಲಿ ಬರೀ 5 ತಪ್ಪಿದರೂ ಈ 170ರಲ್ಲಿ 17ರಷ್ಟು ವ್ಯತ್ಯಾಸ ಬರುತ್ತದೆ. ಹಿಮಾಟೊಕ್ರಿಟ್ ತಗ್ಗಿದಷ್ಟೂ ತಪ್ಪು ಹಿಗ್ಗುತ್ತದೆ. ತೊಳೆದು ಅಳೆದದ್ದಕ್ಕೇ ನಮ್ಮ ಮತ. ಇತ್ತೀಚೆಗೆ ರೋಗಿಗೆ ರಕ್ತ ಏರಿಸಿದ್ದರೆ ಎರಡೂ ಬೇಡ, ಅಳೆಯುವುದು ದಾನಿಯ ಸೆಲೆನಿಯಂ ಆದೀತು.

ಜಿಪಿಎಕ್ಸ್

ಈ ಕಿಣ್ವಕ್ಕೆ ಸೆಲೆನಿಯಂ ಬೇಕೇ ಬೇಕು ಎಂಬುದು 1973ರಲ್ಲೇ ಗೊತ್ತಾದದ್ದು. ಸೆಲೆನಿಯಂ ಇದೆಯೇ ಎಂದಷ್ಟೇ ನೋಡದೆ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದರಿಂದ ತಾತ್ವಿಕವಾಗಿ ಇದು ಎಲ್ಲಕ್ಕಿಂತ ಮೇಲು. ವ್ಯವಹಾರದಲ್ಲಿ ಸಮಸ್ಯೆ ಬಹಳ. ಪೆರಾಕ್ಸೈಡ್ ಅನ್ನು ಕಿಣ್ವ ಒಡೆಯುವಾಗ ಎನ್‌ಎಡಿಪಿಎಚ್ ಎಂಬ ಸಹಾಯಕ ಅಣು ಖರ್ಚಾಗುವುದನ್ನು 340 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಯಾವ ಪೆರಾಕ್ಸೈಡ್ ಹಾಕುತ್ತಾರೆ ಎಂಬುದರ ಮೇಲೆ ಅಂಕಿ ನಿಂತಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಅದನ್ನೇ ಒಡೆಯುವ ಕ್ಯಾಟಲೇಸ್ ಎಂಬ ಬೇರೆ ಕಿಣ್ವವನ್ನು ಅಜೈಡ್‌ನಿಂದ ತಡೆಯಬೇಕು. ಕ್ಯುಮೀನ್ ಹೈಡ್ರೋಪೆರಾಕ್ಸೈಡ್ ಹಾಕಿದರೆ ಸೆಲೆನಿಯಂ ಇಲ್ಲದ ಬೇರೆ ಕಿಣ್ವವೂ ಅದನ್ನು ಒಡೆದು ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಕಿಟ್‌ನಿಂದ ಕಿಟ್‌ಗೆ, ಲ್ಯಾಬ್‌ನಿಂದ ಲ್ಯಾಬ್‌ಗೆ ರೇಂಜ್ ಹೊಂದುವುದಿಲ್ಲ. ಪ್ಲಾಸ್ಮಾವನ್ನು ಬೇಗನೆ ಬೇರ್ಪಡಿಸಿ ಮೈನಸ್ 70 ಡಿಗ್ರಿಯಲ್ಲಿಡಬೇಕು. ದಾರಿಯಲ್ಲಿ ಕರಗಿ ಹೋದ ಮಾದರಿಯ ಚಟುವಟಿಕೆ ಕುಸಿದಿರುತ್ತದೆ, ರಿಪೋರ್ಟಿನಲ್ಲಿ ಅದು ಕೊರತೆಯಂತೆಯೇ ಕಾಣುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಮೂತ್ರಪಿಂಡ. ಪ್ಲಾಸ್ಮಾದ ಜಿಪಿಎಕ್ಸ್-3 ಅಲ್ಲಿಂದಲೇ ಬರುವುದರಿಂದ ಮೂತ್ರಪಿಂಡ ವೈಫಲ್ಯ ಇರುವವರಲ್ಲಿ ಸೆಲೆನಿಯಂ ಎಷ್ಟು ಕೊಟ್ಟರೂ ಅದು ಏರದಿರಬಹುದು. ವರ್ಷಗಟ್ಟಲೆ ಟಿಪಿಎನ್‌ನಲ್ಲಿರುವವರಲ್ಲಿ ಮೂತ್ರಪಿಂಡ ಸೊರಗುವುದು ಅಪರೂಪವಲ್ಲ. ಆಸ್ಪತ್ರೆಯೊಳಗೇ ಲ್ಯಾಬ್ ಇದ್ದು, ಒಂದೇ ವಿಧಾನದಲ್ಲಿ ಒಬ್ಬರದೇ ರಕ್ತವನ್ನು ವರ್ಷಾನುಗಟ್ಟಲೆ ಹೋಲಿಸಲು ಸಾಧ್ಯವಿದ್ದರೆ ಜಿಪಿಎಕ್ಸ್ ಮಾಡಿಸಿ. ಕೊರಿಯರ್‌ನಲ್ಲಿ ದೂರದೂರಿಗೆ ಕಳಿಸಬೇಕಾದರೆ ಬಿಡಿ.

ಸೆಲೆನೋಪ್ರೋಟೀನ್ ಪಿ, ಮತ್ತೆ ಮಿಕ್ಕವು

ಸೆಲೆನೋಪ್ರೋಟೀನ್ ಪಿಯ ಒಂದೊಂದು ಅಣುವೂ 10 ಸೆಲೆನಿಯಂ ಹೊರಬಲ್ಲದು. ಪೂರೈಕೆ ಹೆಚ್ಚಿದಂತೆ ಜಿಪಿಎಕ್ಸ್‌ಗಿಂತ ನಿಧಾನವಾಗಿ ತುಂಬುವುದರಿಂದ ಸಾಕಷ್ಟಿದೆಯೇ ಎಂದು ತಿಳಿಯಲು ಉತ್ತಮ ಸೂಚಕ. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2014ರಲ್ಲಿ ವಯಸ್ಕರಿಗೆ ದಿನಕ್ಕೆ 70 ಮೈಕ್ರೋಗ್ರಾಂ ಎಂದು ನಿಗದಿ ಮಾಡಿದ್ದು ಇದನ್ನೇ ಆಧಾರವಾಗಿಟ್ಟುಕೊಂಡು. ಆದರೆ ಟಿಪಿಎನ್ ರೋಗಿಗೆ ಇದರ ಲಾಭ ಕಡಿಮೆ. ಉರಿಯೂತದಲ್ಲಿ ಇದೂ ಬೀಳುತ್ತದೆ. ಯಕೃತ್ತು ಹಾಳಾದರೂ ಬೀಳುತ್ತದೆ, ದೀರ್ಘಕಾಲದ ಟಿಪಿಎನ್‌ನಿಂದ ಯಕೃತ್ತಿಗೆ ಪೆಟ್ಟು ಬೀಳುವುದು ಗೊತ್ತಿರುವ ವಿಷಯವೇ. ಸಂಶೋಧನೆಗೆಂದು ಮಾರುವ ಎಲೈಸಾ ಕಿಟ್‌ಗಳ ಫಲಿತಾಂಶವನ್ನು ನೋಡಿ ಡೋಸ್ ಬದಲಿಸಬೇಡಿ.

ಮೂತ್ರದ ಸೆಲೆನಿಯಂ ಹೇಳುವುದು ನಿನ್ನೆ ಎಷ್ಟು ಹನಿಸಿದಿರಿ ಎಂಬುದನ್ನು, ಮೈಯಲ್ಲಿ ಎಷ್ಟಿದೆ ಎಂಬುದನ್ನಲ್ಲ. ಕೂದಲಿಗೆ ಸೆಲೆನಿಯಂ ಸಲ್ಫೈಡ್ ಇರುವ ತಲೆಹೊಟ್ಟಿನ ಶಾಂಪೂ ಒಮ್ಮೆ ಹಚ್ಚಿದರೆ ಮುಗಿಯಿತು. ಉಗುರು ತೀರಾ ನಿಧಾನ. ಈ ಮೂರನ್ನೂ ಯಾರಾದರೂ ಪ್ಯಾಕೇಜ್‌ನಲ್ಲಿ ಸೇರಿಸಿ ಕೊಟ್ಟರೆ ಬೇಡ ಎನ್ನಿ. ಥೈರಾಯ್ಡ್ ಪರೀಕ್ಷೆಯ ಮೇಲೆ ಮಾತ್ರ ಒಂದು ಕಣ್ಣಿರಲಿ: ಟಿ4 ಎಂಬ ಥೈರಾಯ್ಡ್ ಹಾರ್ಮೋನನ್ನು ಟಿ3 ಮಾಡುವ ಕಿಣ್ವಗಳಿಗೂ ಸೆಲೆನಿಯಂ ಬೇಕು, ಕೊರತೆಯಲ್ಲಿ ಟಿ4 ಏರಿ ಟಿ3 ಇಳಿಯಬಹುದು.

ರಿಪೋರ್ಟ್ ಬಂದ ಮೇಲೆ

ಅಂಕಿ ಕಡಿಮೆಯಿದ್ದು ಸಿಆರ್‌ಪಿ 10ರ ಒಳಗಿದ್ದರೆ, ಡೋಸ್ ಏರಿಸುವ ಮೊದಲು ನಿಜವಾಗಿ ಎಷ್ಟು ಹೋಗುತ್ತಿದೆ ಎಂದು ಎಣಿಸಿ. ವಯಸ್ಕರಿಗೆ ದಿನಕ್ಕೆ 60ರಿಂದ 100 ಮೈಕ್ರೋಗ್ರಾಂ, ಮಕ್ಕಳಿಗೆ ಕಿಲೋಗೆ 2ರಿಂದ 3, ಒಟ್ಟು 100 ಮೀರದಂತೆ. ಚೀಲಕ್ಕೆ ಸೇರಿಸುವ ಸೂಕ್ಷ್ಮ ಖನಿಜಗಳ ಇಂಜೆಕ್ಷನ್‌ಗಳಲ್ಲಿ ಸೆಲೆನಿಯಂ ಪ್ರಮಾಣ ಒಂದೇ ಇಲ್ಲ. ಅಡಿಟ್ರೇಸ್ 10 ಮಿಲಿಲೀಟರ್‌ನಲ್ಲಿ ಸುಮಾರು 32 ಮೈಕ್ರೋಗ್ರಾಂ, ಅದರ ನಂತರ ಬಂದ ಅಡ್ಡಾವೆನ್‌ನ 10 ಮಿಲಿಲೀಟರ್‌ನಲ್ಲಿ 79, ನ್ಯೂಟ್ರಿಯೆಲ್ಟ್‌ನಲ್ಲಿ 70, ಟ್ರೇಲಿಮೆಂಟ್‌ನ 1 ಮಿಲಿಲೀಟರ್‌ನಲ್ಲೇ 60. ಮಕ್ಕಳ ಪೆಡಿಟ್ರೇಸ್ ಮಿಲಿಲೀಟರಿಗೆ 2. ‘ಒಂದು ಆಂಪ್ಯೂಲ್ ಹಾಕುತ್ತಿದ್ದೇವೆ’ ಎಂಬ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ವಾರಕ್ಕೆ 4 ರಾತ್ರಿ ಮಾತ್ರ ಹನಿಸುವವರಿಗೆ ಪ್ರತಿ ಚೀಲದಲ್ಲಿ 60 ಇದ್ದರೆ ದಿನದ ಸರಾಸರಿ 34ಕ್ಕೆ ಇಳಿಯುತ್ತದೆ. ಕೊರತೆ ಅಡಗಿರುವುದು ಅನೇಕ ಸಲ ಈ ಲೆಕ್ಕದಲ್ಲೇ. ಸ್ಟೋಮಾದಿಂದ (ಹೊಟ್ಟೆಯ ಮೇಲೆ ಮಾಡಿದ ಕರುಳಿನ ಬಾಯಿ) ತುಂಬಾ ನೀರು ಹೋಗುವವರಿಗೆ, ಡಯಾಲಿಸಿಸ್ ನಿರಂತರವಾಗಿ ನಡೆಯುವವರಿಗೆ ಖರ್ಚೂ ಹೆಚ್ಚು.

ಡೋಸ್ ಬದಲಿಸಿದ ಒಂದೆರಡು ತಿಂಗಳಿಗೆ ಪ್ಲಾಸ್ಮಾ ಮತ್ತೆ ನೋಡಿ. ಸ್ಥಿರವಾಗಿರುವವರಿಗೆ 6 ತಿಂಗಳಿಗೊಮ್ಮೆ, ಎಷ್ಟೇ ತಡವಾದರೂ ವರ್ಷಕ್ಕೊಮ್ಮೆ. ಬಾಯಿಂದ ಏನೂ ತಿನ್ನದ ರೋಗಿಯ ಅಂಕಿ 150 ದಾಟಿದರೆ ಮೊದಲು ಗ್ಯಾಡೋಲಿನಿಯಂ, ಹನಿ ಬೆರೆತ ಮಾದರಿ, ಏಕಮಾನದ ತಪ್ಪು, ಗೊತ್ತಿಲ್ಲದೆ ನುಂಗುತ್ತಿರುವ ಮಾತ್ರೆ ಇವನ್ನು ಹುಡುಕಿ. ಇವು ಯಾವುದೂ ಅಲ್ಲವಾದರೆ ಡೋಸ್ ಇಳಿಸಿ. ಕೂದಲು ಉದುರುವುದು, ಉಗುರು ಪೆಡಸಾಗಿ ಮುರಿಯುವುದು, ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಹೆಚ್ಚಳದ ಲಕ್ಷಣಗಳು.

ಲ್ಯಾಬ್‌ಗೆ ಕಳಿಸುವ ಚೀಟಿಯಲ್ಲಿ ಇಷ್ಟು ಬರೆಯಿರಿ: ರಕ್ತ ತೆಗೆದ ಹೊತ್ತು, ಹಿಂದಿನ ಚೀಲ ಮುಗಿದ ಹೊತ್ತು, ಯಾವ ನಾಳದಿಂದ ತೆಗೆದದ್ದು, ಇಂಜೆಕ್ಷನ್‌ನ ಹೆಸರು ಮತ್ತು ಮಿಲಿಲೀಟರ್, ವಾರಕ್ಕೆ ಎಷ್ಟು ದಿನ, ಕೊನೆಯ ಎಂಆರ್‌ಐ ಕಾಂಟ್ರಾಸ್ಟ್ ಮತ್ತು ಕೊನೆಯ ಸಲ ರೋಗಿಗೆ ರಕ್ತ ಏರಿಸಿದ ದಿನಾಂಕ, ಕ್ರಿಯಾಟಿನಿನ್, ಸಿಆರ್‌ಪಿ.